ಅತ್ತೆಯ ಬೆನ್ನಿನ ಜೇಬು

ನನ್ನ ಅತ್ತೆಯ ಬೆನ್ನನ್ನು ಕದ್ದರು.

ತಮಾಷೆಗೆ ಹೇಳುತ್ತಿಲ್ಲ. ಹಾಡಹಗಲೇ, ನಮ್ಮ ಕೋಣೆಯಲ್ಲೇ, ನಮ್ಮ ಟೀ ಕುಡಿದು ಕದ್ದರು. ಕದ್ದವನು ಹೋಗುವಾಗ ಥ್ಯಾಂಕ್ಸ್ ಕೂಡ ಹೇಳಿದ. ಅತ್ತೆ "ಪರವಾಗಿಲ್ಲ, ಬರ್ತಾ ಇರಿ" ಎಂದರು. ಆ ಮಾತು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಹೊಲಿಗೆ ಕೋಣೆ. ಲಾಂಡ್ರಿಯ ಹಿಂದೆ, ನಾಲ್ಕು ಮೆಟ್ಟಿಲು ಕೆಳಗಿಳಿದರೆ ಸಿಗುತ್ತದೆ. ಕಿಟಕಿ ಒಂದೇ. ಅದರಲ್ಲಿ ಬೀದಿಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತದೆ. ಹಾಗಾಗಿ ಈ ಊರಿನ ದೊಡ್ಡಮನುಷ್ಯರೆಲ್ಲ ನನಗೆ ಪ್ಯಾಂಟಿನ ಅಂಚಿನಿಂದಲೇ ಪರಿಚಯ. ಒಳಗೆ ಮೂರೇ ಜನ: ಅತ್ತೆ, ನಾನು, ಕಾಜಾ ಅಕ್ಕ. ಗುಂಡಿಯ ತೂತಿಗೆ ನಾವು ಕಾಜಾ ಎನ್ನುತ್ತೇವೆ. ಅವಳು ಚಿಕ್ಕಂದಿನಿಂದ ಕಾಜಾ ಹೊಲಿದು ಹೊಲಿದು ಅವಳ ನಿಜವಾದ ಹೆಸರು ಅವಳ ಗಂಡನಿಗೂ ಮರೆತುಹೋಗಿದೆ. ನನ್ನ ಗಂಡ ಲಾರಿ ಹತ್ತಿ ಊರೂರು ಸುತ್ತುತ್ತಾನೆ. ಮನೆಗೆ ಬರುವಾಗ ತಪ್ಪದೆ ಪ್ಯಾಂಟು ಹರಿದುಕೊಂಡು ಬರುತ್ತಾನೆ.

ದೊಡ್ಡ ಅಂಗಡಿಗಳು ನಮಗೆ ಚಿಲ್ಲರೆ ಕೆಲಸ ಕಳಿಸುತ್ತಿದ್ದವು. ಉದ್ದ ಇದ್ದದ್ದನ್ನು ಗಿಡ್ಡ ಮಾಡು. ಬಿಗಿ ಇದ್ದದ್ದನ್ನು ಸಡಿಲ ಮಾಡು. ಮಾಡಿದ್ದು ನಾವು ಎಂದು ಎಲ್ಲೂ ಬಾಯಿ ಬಿಡಬೇಡ. ಬಟ್ಟೆ ಕೊಡಲು ಹೋದರೆ ಹಿಂಬಾಗಿಲು.

ಹೊಲಿಯುವವರಿಗೆ ಕಣ್ಣು ಹೋಗುತ್ತದೆ, ಬೆರಳು ಹೋಗುತ್ತದೆ ಎಂದು ಜನ ತಿಳಿದಿದ್ದಾರೆ. ಮೊದಲು ಹೋಗುವುದು ಬೆನ್ನು. ಬೆಳಿಗ್ಗೆ ಬಗ್ಗಿದವಳು ಸಂಜೆ ಏಳಬೇಕು. ಎದ್ದರೂ ಬೆನ್ನು ಏಳುವುದಿಲ್ಲ. ಅತ್ತೆಯ ಎಡಹೆಗಲು ಬಲಹೆಗಲಿಗಿಂತ ಕೆಳಗೆ ಇಳಿದುಬಿಟ್ಟಿದೆ. ಅದರ ಮೂಳೆಯ ಬುಡದಲ್ಲಿ ಮೊಳೆ ಹೊಡೆದ ಹಾಗೆ ನೋವು. ಅತ್ತೆ ಅದಕ್ಕೆ ಮುಲಾಮು ಹಚ್ಚುತ್ತಾರೆ, ಆದರೆ ನಾಟುವ ಔಷಧಿ ನಮ್ಮ ಕೋಣೆಯಲ್ಲಿ ಒಂದೇ. ಹರಳುಪ್ಪನ್ನು ಬಟ್ಟೆಯ ಚೀಲಕ್ಕೆ ತುಂಬಿ, ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟು ಕಾಯಿಸಿ, ನೋಯುವ ಕಡೆ ಶಾಖ ಕೊಡುವುದು. ಆದರೆ ಚೀಲ ಹಿಡಿಯಲು ಕೈ ಬೇಕು. ಕೈ ಅಲ್ಲಿ ಹೋದರೆ ಕೆಲಸ ನಿಲ್ಲುತ್ತದೆ. ಅತ್ತೆ ಆ ಚೀಲವನ್ನು ಕುರ್ಚಿಗೂ ಬೆನ್ನಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂದಕ್ಕೆ ಬಗ್ಗಿದ ಕೂಡಲೇ ಅದು ದೊಪ್ಪನೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ನನ್ನ ತವರಿಗೆ ಒಂದು ಬೈಗುಳ. ಉಪ್ಪಿನ ಚೀಲಕ್ಕೂ ನನ್ನ ತವರಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಜೇಬು ಹೊಲಿದೆ.

ತವರಿನ ಮಾನ ಉಳಿಸಲು ಹುಟ್ಟಿದ ಜೇಬು ಅದು.

ದಪ್ಪ ಕಪ್ಪು ಬಟ್ಟೆಯಲ್ಲಿ ಅತ್ತೆಗೊಂದು ಕೋಟು ಕತ್ತರಿಸಿದೆ. ಅವರ ಮೈಮೇಲೆ ಹಾಕಿ ಸೀಮೆಸುಣ್ಣ ಹಿಡಿದು ಹಿಂದೆ ನಿಂತೆ.

"ಇನ್ನೂ ಎಡಕ್ಕೆ," ಎಂದರು ಅತ್ತೆ. "ಕೆಳಗೆ. ಅಷ್ಟು ಕೆಳಗಲ್ಲ, ನಿನ್ನ ಅಮ್ಮ ನಿನಗೆ ಎಡ ಬಲ ಕಲಿಸಿಲ್ವಾ? ಹಾಂ, ಅಲ್ಲೇ! ಅಯ್ಯಯ್ಯೋ ಅಲ್ಲೇ!"

ಅವರ ನೋವು ಓರೆಯಾಗಿತ್ತು, ಜೇಬೂ ಓರೆಯಾಯಿತು. ಮೇಲೊಂದು ಮುಚ್ಚಳ. ಕಪ್ಪು ಗುಂಡಿ ಖಾಲಿಯಾಗಿತ್ತು; ನನ್ನ ಗಂಡನ ಹರಿದ ಪ್ಯಾಂಟಿನ ಕಂದು ಗುಂಡಿಯನ್ನೇ ಕಿತ್ತು ಹಾಕಿದೆ.

ಆ ಜೇಬು ಹಾಕಿಕೊಂಡವರ ಕೈಗೆ ಎಟುಕುವುದಿಲ್ಲ. ಚೀಲ ಆರಿದರೆ ಅತ್ತೆ ತಲೆ ಎತ್ತದೆ "ಬೆನ್ನು" ಎನ್ನುತ್ತಿದ್ದರು. ನಾನೋ ಕಾಜಾ ಅಕ್ಕನೋ ಎದ್ದು, ಬಿಸಿ ಚೀಲ ಇಟ್ಟು, ಗುಂಡಿ ಹಾಕಿ ಬರುತ್ತಿದ್ದೆವು. ಆಮೇಲೆ ನಮಗಿಬ್ಬರಿಗೂ ಒಂದೊಂದು ಕೋಟು ಆಯಿತು. ಲಾಂಡ್ರಿಯ ಹೆಂಗಸರು ಬೇಕೆಂದರು. ಬೀದಿ ಗುಡಿಸುವವರು ಬೇಕೆಂದರು. ಮೂಲೆಯ ಅಂಗಡಿಯವನು ಬಾಗಿಲಿಗೆ ತೂಗುಹಾಕಿ ಮಾರಿಕೊಟ್ಟ. ನಮ್ಮ ಬೀದಿಯಲ್ಲಿ ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರು ನಿಂತು ಗುಂಡಿ ಹಾಕುವುದನ್ನು ನೋಡಬೇಕಿತ್ತು ನೀವು.

ನೋಡಿ ಹೊಲಿಯುವುದು ಪಾಪ ಎಂದು ನಾನು ಉಪದೇಶ ಮಾಡಲು ಕೂತಿಲ್ಲ. ಆ ಕೋಟಿನ ಕಾಲರ್ ನನ್ನದಲ್ಲ, ಕಾಜಾ ಅಕ್ಕನದು. ಕತ್ತಿಗೆ ಚುಚ್ಚದ ಹಾಗೆ ಮಡಚುವುದನ್ನು ಅವಳು ಕಂಡುಹಿಡಿದಳು, ನಾನು ನೋಡಿ ಕಲಿತೆ. ನೋಡದೆ ಹೊಲಿಗೆ ಕಲಿತವರು ಯಾರಿದ್ದಾರೆ? ಆದರೆ ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ಇದೆ. ಯಾರದನ್ನು ನೋಡಿ ಹೊಲಿದೆಯೋ ಅವಳಿಗೆ ಹೇಳಬೇಕು. ಹೊಲಿದ ಮೊದಲನೇದನ್ನು ಅವಳ ಕೈಗೇ ಕೊಡಬೇಕು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಥೂ, ಎಂಥ ಹೊಲಿಗೆಯೇ ಇದು!" ಎನ್ನಬೇಕು. ಹಾಗಂದರೆ ಒಪ್ಪಿಗೆ ಸಿಕ್ಕಿತು ಎಂದು ಅರ್ಥ.

ಇಂಥಲ್ಲಿಗೆ ಬಂದ ಮೂರು ಕನ್ನಡಕದವನು.

ಅವನು ದೊಡ್ಡ ಅಂಗಡಿಯ ಡಿಸೈನರ್. ಒಂದು ಕನ್ನಡಕ ಕಣ್ಣಿಗೆ, ಒಂದು ತಲೆಗೆ, ಇನ್ನೊಂದು ಎದೆಯ ಮೇಲೆ ದಾರಕ್ಕೆ. ನಾವು ಗಿಡ್ಡ ಮಾಡಿದ ಲಂಗ ಜಾಸ್ತಿ ಗಿಡ್ಡ ಆಯಿತು ಎಂದು ಬೈಯಲು ಬಂದಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಬೇಕೆಂದು ಗೊತ್ತಿಲ್ಲದೆ ಹಣೆ ಚಚ್ಚಿಕೊಂಡ. ಅವನು ಹಣೆ ಉಜ್ಜಿಕೊಳ್ಳುವಷ್ಟರಲ್ಲಿ ಕಾಜಾ ಅಕ್ಕ ಟೀ ಕೊಟ್ಟಳು. ಬೈಗುಳ ಅರ್ಧಕ್ಕೇ ನಿಂತಿತು, ಏಕೆಂದರೆ ಅವನ ಕಣ್ಣು ಅತ್ತೆಯ ಬೆನ್ನಿನ ಮೇಲೆ ಬಿತ್ತು. ಕಣ್ಣಿನ ಕನ್ನಡಕ ತೆಗೆದು ತಲೆಯದನ್ನು ಇಳಿಸಿದ.

"ಏನಿದು?"

"ಜೇಬು," ಎಂದರು ಅತ್ತೆ.

"ಬೆನ್ನಲ್ಲಿ ಯಾಕೆ?"

"ಅದಾ? ನೋಡಿ, ನನಗೆ ಈ ಎಡಗಡೆ..."

"ಬೇಡ ಬೇಡ! ಹೇಳ್ಬೇಡಿ. ಹೇಳಿದ್ರೆ ಅದರ ಸೊಗಸು ಹೊರಟುಹೋಗುತ್ತೆ." ಫೋನು ತೆಗೆದ. "ಒಂದು ಫೋಟೋ."

ಅತ್ತೆಗೆ ಫೋಟೋ ಎಂದರೆ ಪ್ರಾಣ. ಅದುವರೆಗೆ ಅವರನ್ನು ಯಾರೂ ಫೋಟೋ ಕೇಳಿರಲಿಲ್ಲ. ತಲೆ ಬಾಚಿಕೊಂಡರು. ನನ್ನ ಪೌಡರ್ ಡಬ್ಬಿ ಖಾಲಿ ಮಾಡಿದರು. ಬಾಯಲ್ಲಿದ್ದ ಸೂಜಿ ತೆಗೆದಿಟ್ಟು, ಹಲ್ಲು ಕಾಣದ ಹಾಗೆ ನಕ್ಕು ನಿಂತರು.

"ಮುಖ ಬೇಡಮ್ಮ," ಎಂದ ಅವನು. "ಬೆನ್ನು ತಿರುಗಿಸಿ."

ಅತ್ತೆ ಪೌಡರ್ ಹಚ್ಚಿದ ಮುಖವನ್ನು ಗೋಡೆಗೆ ತೋರಿಸಿ ನಿಂತರು. ಅವನು ಬೆನ್ನಿನ ಫೋಟೋ ತೆಗೆದ. ಹತ್ತಿರದಿಂದ ತೆಗೆದ, ದೂರದಿಂದ ತೆಗೆದ, ಗುಂಡಿಯದನ್ನು ಬೇರೆಯಾಗಿ ತೆಗೆದ. ಟೀ ಮುಗಿಸಿ ಹೋದ. ಹೋಗುವಾಗ ಮತ್ತೆ ಹಣೆ ಚಚ್ಚಿಕೊಂಡ. ಇಷ್ಟು ಮಾತ್ರ ನನಗೆ ಸಮಾಧಾನ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಕಾಜಾ ಅಕ್ಕ ಪೇಪರ್ ಹಿಡಿದು ಓಡಿಬಂದಳು. ಅದರಲ್ಲಿ ನಮ್ಮ ಕೋಟು. ಓರೆ ಜೇಬು, ಮುಚ್ಚಳ, ಕಂದು ಗುಂಡಿ, ಅವಳ ಕಾಲರ್, ಎಲ್ಲ ಇದ್ದಂತೆ ಇತ್ತು. ಹಾಕಿಕೊಂಡಿದ್ದ ಬಳುಕುವ ಹುಡುಗಿ ಎಡಹೆಗಲನ್ನು ಕೆಳಗೆ ಇಳಿಸಿಕೊಂಡು ನಿಂತಿದ್ದಳು. ಅದೇ ಈಗ ಸ್ಟೈಲ್ ಅಂತೆ. ನಮ್ಮತ್ತೆಗೆ ಮೂವತ್ತು ವರ್ಷದ ದುಡಿಮೆಯಿಂದ ಬಂದ ಹೆಗಲು ಅವಳಿಗೆ ಒಂದು ಫೋಟೋದಿಂದ ಬಂದುಬಿಟ್ಟಿತ್ತು.

"ಕೇಳಿ ಏನು ಬರೆದಿದಾನೆ," ಎಂದು ಕಾಜಾ ಅಕ್ಕ ಓದಿದಳು. "'ಮನುಷ್ಯ ತನ್ನ ನೆನಪುಗಳನ್ನು ಬೆನ್ನ ಮೇಲೆ ಹೊರುತ್ತಾನೆ. ಅವು ಅವನ ಕೈಗೆಂದೂ ಎಟುಕುವುದಿಲ್ಲ. ಈ ಜೇಬು ನನಗೆ ಕನಸಿನಲ್ಲಿ ಬಂತು.'"

"ಉಪ್ಪಿನ ವಿಷಯ ಏನಾದ್ರೂ ಬರೆದಿದಾನಾ?" ಎಂದರು ಅತ್ತೆ.

"ಇಲ್ಲ ಅತ್ತೆ," ಎಂದೆ.

"ಮತ್ತೆ ಅದರಲ್ಲಿ ಏನಿಟ್ಕೋತಾರಂತೆ?"

"ನೆನಪು."

"ಬಿಸಿ ಮಾಡಿನಾ?"

ಊರಿಗೆ ಊರೇ ಆ ಕೋಟು ಹಾಕಿಕೊಂಡಿತು. ಫೋನು ಅದರಲ್ಲಿಟ್ಟು, ಫೋನು ಬಡಿದುಕೊಂಡಾಗ ನಡುಬೀದಿಯಲ್ಲಿ ಬುಗುರಿಯಂತೆ ತಿರುಗುವವರನ್ನು ಕಂಡೆ. ಒಬ್ಬ ದೊಡ್ಡಮನುಷ್ಯನ ಬೆನ್ನಿನಿಂದ ದಾರಿಹೋಕನೊಬ್ಬ ಫೋನು ತೆಗೆದು, "ಅವರು ಈಗ ತಿರುಗ್ತಾ ಇದಾರೆ, ಆಮೇಲೆ ಮಾಡಿ" ಎಂದು ಹೇಳಿ ವಾಪಸ್ ಇಟ್ಟ. ನಗು ಬಂತು. ನಕ್ಕ ಮೇಲೆ ಪಿತ್ತ ನೆತ್ತಿಗೇರಿತು. ಹೋಗಿ ಕೇಳಿಯೇ ಬಿಡುತ್ತೇನೆ ಎಂದು ಹೊರಟೆ. ನನ್ನ ಕೋಟು ಒಗೆದು ಒಣಗಲು ಹಾಕಿತ್ತು. ಸಾಕ್ಷಿಗೆ ಇರಲಿ ಎಂದು ಅತ್ತೆಯ ಕೋಟನ್ನೇ ಹಾಕಿಕೊಂಡೆ.

ಹಿಂಬಾಗಿಲಿನಲ್ಲಿ ನನ್ನನ್ನು "ಏಯ್, ಆ ಕಡೆ" ಎನ್ನುತ್ತಿದ್ದ ಕಾವಲುಗಾರ ಅವತ್ತು ಮುಂಬಾಗಿಲಿನಲ್ಲಿದ್ದ. ಕೋಟು ನೋಡಿ ಸೆಲ್ಯೂಟ್ ಹೊಡೆದ. ಬಾಗಿಲು ತೆಗೆದ. ಒಳಗೆ ತಂಪು, ಕನ್ನಡಿ, ಸಾಲುಸಾಲಾಗಿ ನನ್ನ ಜೇಬುಗಳು. ಎದುರಿಗೆ ಸಿಕ್ಕಿದವಳೊಬ್ಬಳು ನನಗೆ ಕುಡಿಯಲು ನೀರು ತಂದಳು. "ಮೂರು ಕನ್ನಡಕದವರು ಇದಾರಾ?" ಎಂದು ಕೇಳಿದೆ. ಇಲ್ಲವಂತೆ, ಕನಸು ಕಾಣಲು ಸಮುದ್ರದ ಕಡೆ ಹೋಗಿದ್ದಾರಂತೆ. ಆಯಿತು ಎಂದು ಹೊರಟೆ.

"ಮೇಡಂ, ಬಿಲ್?" ಎಂದ ಕಾವಲುಗಾರ.

"ಯಾವ ಬಿಲ್?"

"ಈ ಕೋಟಿಂದು."

"ಇದು ನಮ್ಮತ್ತೇದು."

ಆಗ ಅವನು ನನ್ನ ಮುಖ ನೋಡಿದ. ಗುರುತು ಹಿಡಿದ. ಮೇಡಂ ಹೋಗಿ ಏಯ್ ಬಂತು. ನೀರು ತಂದವಳು ನನ್ನ ಕಾಲರ್ ಮಡಚಿ ಒಳಗೆ ನೋಡಿದಳು. ಅಲ್ಲಿ ಅಂಗಡಿಯ ಹೆಸರಿನ ಲೇಬಲ್ ಇರಲಿಲ್ಲ.

"ಲೇಬಲ್ ಕಿತ್ತಿದ್ದಾಳೆ," ಎಂದಳು.

ಬಿಚ್ಚು ಎಂದರು. ನಾನು ಬಿಚ್ಚಲಿಲ್ಲ. ಅವರೇ ಬಿಚ್ಚಿದರು. ಇಬ್ಬರು ತೋಳು ಹಿಡಿದರು, ಒಬ್ಬ ಎಳೆದ. ಅತ್ತೆಗೆ ನಾನು ಹೊಲಿದ ಕೋಟನ್ನು ನನ್ನ ಮೈಮೇಲಿಂದ ಸುಲಿದರು. ಒಳಗೆ ಕಂಕುಳಲ್ಲಿ ಹರಿದ ಅಂಗಿ. ಊರಿನ ಬಟ್ಟೆಯೆಲ್ಲ ರಿಪೇರಿ ಮಾಡುವವಳ ಕಂಕುಳು ಹರಿದಿತ್ತು, ಹತ್ತಾರು ಕನ್ನಡಿಗಳಲ್ಲಿ ಒಮ್ಮೆಗೇ ಕಂಡಿತು. ಕೊಳ್ಳಲು ಬಂದವರು ನೋಡಿದರು. ಯಾರೋ ಕಿಸಕ್ಕೆಂದರು. ನಾನು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆ. ಹಿಂಬಾಗಿಲಿನಿಂದ ದಬ್ಬಿದರು. ದಬ್ಬುವಾಗ ತಿರುಗಿ ನೋಡಿದೆ. ಅತ್ತೆಯ ಕೋಟಿಗೆ ಲೇಬಲ್ ಹೊಲಿಯಲು ಒಬ್ಬಳು ಆಗಲೇ ಸೂಜಿ ಪೋಣಿಸುತ್ತಿದ್ದಳು.

ಮನೆಗೆ ಬಂದು ಹೇಳಿದೆ. ಅತ್ತೆ ನನ್ನ ತವರನ್ನು ಬೈಯಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

"ಅದು ಮೊದಲನೇದು," ಎಂದರು ಕೊನೆಗೆ. "ಮೊದಲನೇದು ತಂದು ಕೊಡ್ಬೇಕಾದೋರು ಮೊದಲನೇದನ್ನೇ ಕಿತ್ಕೊಂಡ್ರಾ?"

ಇನ್ನೊಂದು ಹೊಲಿದುಕೊಡುತ್ತೇನೆ ಎಂದೆ. ಬೇಡ ಎಂದರು. ನನ್ನದು ಹಾಕಿಕೊಳ್ಳಿ ಎಂದೆ. ಬೇಡ. ಅದೇ ಬೇಕು. ಚೀಲವನ್ನು ಮತ್ತೆ ಕುರ್ಚಿಗೂ ಬೆನ್ನಿಗೂ ನಡುವೆ ಇಟ್ಟುಕೊಂಡು ಕೂತರು. ಅದು ಮತ್ತೆ ಬೀಳತೊಡಗಿತು.

ಮೂಲೆಯ ಅಂಗಡಿಯವನು ತೂಗುಹಾಕಿದ್ದ ಕೋಟುಗಳನ್ನೆಲ್ಲ ತಂದು ನಮ್ಮ ಮೇಜಿನ ಮೇಲೆ ಹಾಕಿದ. "ಇವು ನಕಲಿಯಂತಮ್ಮ. ದೊಡ್ಡ ಅಂಗಡಿಯೋರು ಬಂದು ಹೆದರಿಸಿದ್ರು," ಎಂದ. ನಮ್ಮ ಕೋಟೇ ನಕಲಿ! ಕಾಜಾ ಅಕ್ಕ ಆಗ ಒಂದು ಹೊಸ ತೋಳು ಹೊಲಿಯುತ್ತಿದ್ದಳು. ಮಣಿಕಟ್ಟಿನ ಮೇಲೆ ಸಣ್ಣ ದಿಂಬು. ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಳ್ಳುವ ಬದಲು ಅದಕ್ಕೇ ಚುಚ್ಚಬಹುದು. ಮುಗಿಯುತ್ತಾ ಬಂದಿತ್ತು. ಕೂತಲ್ಲೇ ಬಿಚ್ಚಿಹಾಕಿದಳು.

"ಯಾಕೆ ಅಕ್ಕ?"

"ಯಾವ ಕನ್ನಡಕದೋನ ಕನಸಿಗೆ ಹೊಲೀಲಿ?"

ಕಿಟಕಿಗೆ ಗೋಣಿ ತುರುಕಿದಳು. ಕಾಲುಗಳೂ ಕಾಣದಾದವು. ಆಮೇಲೆ ನಮ್ಮ ಕೋಣೆಯಲ್ಲಿ ಹೊಸದೇನೂ ಹುಟ್ಟಲಿಲ್ಲ. ಗಿಡ್ಡ ಮಾಡಿದೆವು, ಉದ್ದ ಮಾಡಿದೆವು, ಅಷ್ಟೇ.

ಲಾಂಡ್ರಿಗೆ ಬಟ್ಟೆ ಕೊಡುವ ಒಬ್ಬ ವಕೀಲಮ್ಮ ವಿಷಯ ಕೇಳಿ ಕೆಳಗಿಳಿದು ಬಂದಳು. ಸಣ್ಣ ವಯಸ್ಸು, ದೊಡ್ಡ ಚೀಲ. ಕೇಸು ಹಾಕೋಣ ಎಂದಳು. ಫೀಸು ಕೇಳಲಿಲ್ಲ, ಕೋಟಿನ ತೋಳು ರಿಪೇರಿ ಮಾಡಿಸಿಕೊಂಡಳು. ಆದರೆ ಕಾನೂನು ಹೇಳಲು ಕೂತವಳು ಮುಖ ಸಪ್ಪೆ ಮಾಡಿದಳು.

"ಹಾಡು ಬರೆದ್ರೆ ಅದಕ್ಕೆ ಮಾಲೀಕರಿದಾರೆ. ಚಿತ್ರ ಬರೆದ್ರೂ ಇದಾರೆ. ಕೋಟಿನ ಒಳಗೆ ಹೊಲೀತಾರಲ್ಲ ಲೇಬಲ್, ಅದಕ್ಕೂ ಇದಾರೆ. ಆದ್ರೆ ಕೋಟಿಗೆ ಇಲ್ಲ."

"ಯಾಕೆ? ಕೋಟೇನು ತಬ್ಬಲಿನಾ?" ಎಂದರು ಅತ್ತೆ.

"ಅದು ಉಪಯೋಗಕ್ಕೆ ಬರೋ ವಸ್ತು ಅಜ್ಜಿ. ಉಪಯೋಗಕ್ಕೆ ಬರೋದನ್ನ ಯಾರು ಬೇಕಾದ್ರೂ ನೋಡಿ ಮಾಡ್ಬಹುದು. ಯಾವ ಉಪಯೋಗಕ್ಕೂ ಬಾರದ ಅಲಂಕಾರ ಆದ್ರೆ ಅದು ಕಲೆ. ಕಲೆಗೆ ರಕ್ಷಣೆ ಇದೆ." ಅವಳು ನನ್ನ ಕಡೆ ತಿರುಗಿದಳು. "ಆ ಜೇಬಿಂದ ಏನೂ ಉಪಯೋಗ ಇಲ್ಲ ಅಂದುಬಿಡಿ, ಸಾಕು. ಅವರ ಡಿಸೈನರೇ ಪೇಪರಲ್ಲಿ ಹಂಗೆ ಹೇಳಿದಾನೆ. ಜೇಬೂ ನಿಮ್ದಾಗುತ್ತೆ, ಅಜ್ಜಿ ಕೋಟೂ ಬರುತ್ತೆ."

ಒಂದು ಮಾತು ತಾನೇ ಎಂದೆ. ಅತ್ತೆಗೂ ಬಾಯಿಪಾಠ ಮಾಡಿಸಿದೆವು. ಬೆನ್ನು ನೋವಿನ ಸುದ್ದಿ ಎತ್ತಬಾರದು, ಉಪ್ಪು ಎನ್ನಬಾರದು.

ದೂರು ಕೇಳುವ ಕಚೇರಿಯಲ್ಲಿ ಉದ್ದ ಮೇಜು. ಆ ತುದಿಯಲ್ಲಿ ಸಾಹೇಬರು. ಮೇಜಿನ ಮೇಲೆ ಸಾಕ್ಷಿಗೆಂದು ಎರಡು ಕೋಟು: ಅಂಗಡಿಯದೊಂದು, ನನ್ನಿಂದ ಕಿತ್ತದ್ದೊಂದು. ಎರಡಕ್ಕೂ ಈಗ ಅದೇ ಲೇಬಲ್. ಅತ್ತೆ ಬಂದವರೇ ಒಂದನ್ನು ಮೂಸಿ, "ಇದೇ, ನನ್ನ ಮುಲಾಮಿನ ವಾಸನೆ" ಎಂದರು. ಸಾಹೇಬರು ಕೂರಲು ಹೇಳಿದರು. ಬಲಗಡೆ ಅಂಗಡಿಯ ಟೈ ವಕೀಲ, ಪಕ್ಕದಲ್ಲಿ ಮೂರು ಕನ್ನಡಕದವನು.

ಟೈ ವಕೀಲ ಎದ್ದ. "ಸಾರ್, ಇದು ಬಹಳ ಉಪಯೋಗದ ಜೇಬು. ಇಂಥದ್ದಕ್ಕೆ ಯಾರೂ ಮಾಲೀಕರಾಗೋಕೆ ಬರಲ್ಲ."

"ಏನು ಉಪಯೋಗ?" ಎಂದರು ಸಾಹೇಬರು.

"ಉದಾಹರಣೆಗೆ, ಪೆನ್ನು ಇಡಬಹುದು."

"ಇಟ್ಟು ತೆಗೆದು ತೋರಿಸಿ."

ವಕೀಲ ಕೈಗೆ ಸಿಕ್ಕ ಕೋಟು ಹಾಕಿಕೊಂಡ. ಅತ್ತೆ ನನ್ನ ತೊಡೆ ಚಿವುಟಿದರು. ಅವರದೇ ಕೋಟು. ಗುಮಾಸ್ತ ಪೆನ್ನನ್ನು ಬೆನ್ನಿನ ಜೇಬಿಗೆ ಹಾಕಿ ಗುಂಡಿ ಹಾಕಿದ. ವಕೀಲ ಹೆಗಲ ಮೇಲಿಂದ ಕೈ ಹಾಕಿದ. ಸಿಗಲಿಲ್ಲ. ಕಂಕುಳ ಕೆಳಗಿಂದ ಹಾಕಿದ. ಸಿಗಲಿಲ್ಲ. ಒಂದು ಕೈ ಮೇಲಿಂದ, ಒಂದು ಕೈ ಕೆಳಗಿಂದ ಹಾಕಿ ತನ್ನನ್ನು ತಾನೇ ಬಂಧಿಸಿಕೊಂಡ. ಕಂಬಕ್ಕೆ ಬೆನ್ನು ಒತ್ತಿ ಎಮ್ಮೆಯ ಹಾಗೆ ಉಜ್ಜಿದ, ಪೆನ್ನು ತಾನಾಗಿ ಮೇಲೆ ಬರಲಿ ಎಂದು.

"ಎಟುಕಬಾರದು!" ಎಂದು ಮೂರು ಕನ್ನಡಕದವನು ತಡೆಯಲಾರದೆ ಕೂಗಿದ. "ಎಟುಕಿದ್ರೆ ಅರ್ಥವೇ ಹೋಯ್ತು!"

"ಸುಮ್ನಿರಿ ಸಾರ್!" ಎಂದ ವಕೀಲ ಹಲ್ಲು ಕಚ್ಚಿ, ಇನ್ನೊಂದು ಸಲ ಜಗ್ಗಿದ. ಲಟಕ್ ಎಂದಿತು. ಪೆನ್ನಲ್ಲ, ವಕೀಲ. ಕೈ ಹಿಂದೆ, ಕತ್ತು ಪಕ್ಕಕ್ಕೆ, ಹಾಗೇ ನಿಂತುಬಿಟ್ಟ.

ನಮ್ಮ ವಕೀಲಮ್ಮನ ಮುಖ ಅರಳಿತು. ಗೆದ್ದೇಬಿಟ್ಟೆವು ಎಂದು ಪಿಸುಗುಟ್ಟಿದಳು.

ಸಾಹೇಬರು ನನ್ನನ್ನು ನೋಡಿದರು. "ಹೇಳಮ್ಮ. ಈ ಜೇಬಿಂದ ಏನಾದರೂ ಉಪಯೋಗ ಇದೆಯೋ, ಇಲ್ಲವೋ?"

ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ. ಪಕ್ಕದಲ್ಲಿ ಅತ್ತೆ ಮರದ ಕುರ್ಚಿಯಲ್ಲಿ ಮಿಸುಕಾಡಿದರು. ಬಾಯಿಪಾಠದ ಪ್ರಕಾರ ಸುಮ್ಮನೇ ಕೂತಿದ್ದರು, ತುಟಿ ಕಚ್ಚಿಕೊಂಡಿದ್ದರು. ಆದರೆ ಅವರ ಬಲಗೈ ಅವರಿಗೆ ಗೊತ್ತಿಲ್ಲದೆ ಹಿಂದಕ್ಕೆ ಹೋಗಿ ಆ ಜಾಗ ಹುಡುಕುತ್ತಿತ್ತು. ಅದು ಎಟುಕುತ್ತಿರಲಿಲ್ಲ.

"ಇದೆ," ಎಂದೆ.

ವಕೀಲಮ್ಮ ಫೈಲಿನಿಂದ ಹಣೆ ಬಡಿದುಕೊಂಡಳು.

"ಇದೆ ಸ್ವಾಮಿ. ಇವರು ನಮ್ಮತ್ತೆ. ನಿಮ್ಮಂಥೋರ ಬಟ್ಟೆಗೆ ಬಗ್ಗಿ ಬಗ್ಗಿ ಇವರ ಬೆನ್ನು ಹೋಗಿದೆ. ನೋವು ಇರೋ ಕಡೆ ಬಿಸಿ ಉಪ್ಪಿಡೋಕೆ ಹೊಲಿದ ಜೇಬು ಅದು. ಓರೆ ಯಾಕಿದೆ ಅಂದ್ರೆ ನೋವು ಓರೆ ಇದೆ. ಎಟುಕಲ್ಲ ಯಾಕಂದ್ರೆ ಇನ್ನೊಬ್ಬರು ಇಡ್ತಾರೆ. ಉಪಯೋಗ ಇಲ್ಲ ಅಂದ್ರೆ ನಮ್ಮತ್ತೆ ಬೆನ್ನೇ ಸುಳ್ಳಾಗುತ್ತೆ. ನಾನು ಹೇಳಲ್ಲ. ನಿಮ್ಮ ಕಾನೂನು ಗೆಲ್ಲಿಸಲಿ, ಸೋಲಿಸಲಿ, ಹೇಳಲ್ಲ."

"ಕನಸಲ್ಲಿ ಬಂತಂತೆ, ಕನಸಲ್ಲಿ!" ಎಂದು ಅತ್ತೆ ಬಾಯಿಪಾಠ ಮುರಿದರು. "ನಮ್ಮ ಟೀ ಕುಡಿದದ್ದೂ ಕನಸಲ್ಲೇನಪ್ಪಾ?"

ಮೂರು ಕನ್ನಡಕದವನು ಎದೆಯ ಕನ್ನಡಕವನ್ನು ಒರೆಸುತ್ತಾ ಕೂತ.

ಸಾಹೇಬರು ಬರೆದುಕೊಂಡರು. ಜೇಬಿಗೆ ಉಪಯೋಗ ಇದೆ. ಆದ್ದರಿಂದ ಮಾಲೀಕರಿಲ್ಲ. ಯಾರು ಬೇಕಾದರೂ ಹೊಲಿಯಬಹುದು.

"ನಾವೂ ಹೊಲೀಬಹುದಾ?" ಎಂದೆ.

ಸಾಹೇಬರು ಪೆನ್ನು ನಿಲ್ಲಿಸಿದರು. "ಹೊಲಿಯಬಹುದು."

"ನಮ್ದು ನಕಲಿ ಅಲ್ಲ?"

"ಅಸಲಿಯೇ ಇಲ್ಲದ ಮೇಲೆ ನಕಲಿ ಎಲ್ಲಿಂದ ಬರುತ್ತಮ್ಮ?"

"ಹಂಗಾದ್ರೆ ನಮ್ಮತ್ತೆ ಕೋಟು ಕೊಡಿಸಿ."

ಸಾಹೇಬರು ಟೈ ವಕೀಲನ ಕಾಲರ್ ತಿರುಗಿಸಿ ಒಳಗೆ ನೋಡಿದರು. ಅಲ್ಲಿ ಲೇಬಲ್ ಇತ್ತು. ಲೇಬಲ್ಲಿಗೆ ಕಾನೂನಿದೆ. ಲೇಬಲ್ ಯಾರದೋ, ಕೋಟೂ ಅವರದೇ ಎಂದರು. ಕದ್ದ ಕೋಟಿಗೆ ತಮ್ಮ ಹೆಸರು ಹೊಲಿದರೆ ಕೋಟು ಕದ್ದವರದಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಅತ್ತೆ ಮುಲಾಮಿನ ವಾಸನೆ ನೋಡಿ ಎಂದು ಎಷ್ಟು ಬೇಡಿಕೊಂಡರೂ ಸಾಹೇಬರು ವಕೀಲನ ಬೆನ್ನು ಮೂಸಲು ಒಪ್ಪಲಿಲ್ಲ. ವಕೀಲನ ಕೈ ಇಳಿಯದ ಕಾರಣ ಕೋಟು ಬಿಚ್ಚಲೂ ಬರಲಿಲ್ಲ. ಗುಮಾಸ್ತ ಅವನನ್ನು ಬೀರು ಸಾಗಿಸುವ ಹಾಗೆ ಸಾಗಿಸಿಕೊಂಡು ಹೋದ. ಅತ್ತೆಯ ಕೋಟು ಅವರ ಕಣ್ಣೆದುರೇ ಬಾಗಿಲು ದಾಟಿತು.

ದೊಡ್ಡ ಅಂಗಡಿ ನಮಗೆ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಗಾಜಿನ ಹಿಂದೆ ಓರೆ ಜೇಬು ಈಗಲೂ ನಿಂತಿದೆ, ಕೆಳಗೆ ಕನ್ನಡಕದವನ ಹೆಸರಿದೆ. ನಾನು ಕಿಟಕಿಯ ಗೋಣಿ ಕಿತ್ತೆಸೆದೆ. ನೋಡುವವರು ನೋಡಲಿ. ಕಾಜಾ ಅಕ್ಕ ಮಾತ್ರ ಕಿಟಕಿಗೆ ಬೆನ್ನು ಹಾಕಿ ಕೂತಳು. ಹೊಸದನ್ನು ಕೈಗೆತ್ತಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ಎರಡು ಶೂ ಬಂದು ನಿಂತವು. ಪಾಲಿಶ್ ಹೊಡೆದ ಶೂ. ಒಂದು ಈ ಕಡೆ, ಒಂದು ಆ ಕಡೆ ನೋಡುತ್ತಿದ್ದವು. ಆಮೇಲೆ ಮೆಟ್ಟಿಲಿಳಿದವು. ಬಾಗಿಲಲ್ಲಿ ಹಣೆ ಚಚ್ಚಿಕೊಂಡ ಸದ್ದಾಯಿತು.

ಟೈ ವಕೀಲ. ಸಿಕ್ಕಿಕೊಂಡಿದ್ದ ಕೈ ಬಿಟ್ಟಿತ್ತು, ಆದರೆ ಕತ್ತು ಪಕ್ಕಕ್ಕೇ ಇತ್ತು, ಎಡಹೆಗಲು ಇಳಿದಿತ್ತು. ಮೈಮೇಲೆ ಅತ್ತೆಯ ಕೋಟು.

"ಮಾತ್ರೆ ನುಂಗಿದ್ದಾಯ್ತು, ಸೂಜಿ ಚುಚ್ಚಿಸಿದ್ದಾಯ್ತು," ಎಂದು ಗೋಡೆಗೆ ಹೇಳಿದ, ಏಕೆಂದರೆ ಕತ್ತು ತಿರುಗುತ್ತಿರಲಿಲ್ಲ. "ಅಮ್ಮಾ, ಆ ಉಪ್ಪಿನ ವಿಷಯ ನಿಜಾನಾ?"

ಅತ್ತೆ ಬಾಯಲ್ಲಿದ್ದ ಸೂಜಿ ತೆಗೆದರು. ಇಸ್ತ್ರಿಯ ಕೆಳಗಿದ್ದ ಚೀಲ ಎತ್ತಿಕೊಂಡರು. ವಕೀಲ ಕಷ್ಟಪಟ್ಟು ಅವರತ್ತ ಮುಖ ಮಾಡಿ ಕೈ ಮುಗಿಯಲು ಹೋದ.

"ಮುಖ ಬೇಡಪ್ಪ," ಎಂದರು ಅತ್ತೆ. "ಬೆನ್ನು ತಿರುಗಿಸು."

ತಿರುಗಿದ. ಚೀಲ ಒಳಗೆ ಹೋಯಿತು. ವಕೀಲನ ಬಾಯಿಂದ ಕರು ಕೂಗಿದ ಹಾಗೆ ಒಂದು ಸ್ವರ ಬಂತು.

"ಸರಿಯಾಗಿ ಅಲ್ಲೇ ಇದೆ!"

"ಇರ್ದೆ ಏನು? ಜೇಬು ಯಾರದ್ದು?"

"ಅದು, ಕಾನೂನಿನ ಪ್ರಕಾರ..."

ಅತ್ತೆ ಚೀಲ ಹೊರಗೆ ತೆಗೆದರು.

"ನಿಮ್ಮ ಸೊಸೇದು!" ಎಂದ.

"ಕೇಳಿಸ್ಲಿಲ್ಲ. ಬೀದಿಗೆ ಕೇಳ್ಬೇಕು."

"ಜೇಬು ಈ ಅಮ್ಮನ ಸೊಸೇದು!" ಎಂದು ಕೂಗಿದ. ಕಿಟಕಿಯಲ್ಲಿ ಹೋಗುತ್ತಿದ್ದ ಕಾಲುಗಳು ನಿಂತವು.

"ಕಾಲರ್ರು?" ಎಂದಳು ಕಾಜಾ ಅಕ್ಕ ಕೂತಲ್ಲಿಂದಲೇ.

"ಕಾಲರ್ ಇವರದು!"

"ಈಗ ಬಿಚ್ಚು," ಎಂದೆ ನಾನು.

ಬಿಚ್ಚಿದ. ಒಳಗೆ ಇಸ್ತ್ರಿ ಮಾಡಿದ ಅಂಗಿ. ಕಂಕುಳು ನೋಡಿದೆ, ಹರಿದಿರಲಿಲ್ಲ. ಕೋಟು ಅತ್ತೆಯ ಕೈಗೆ ಬಂತು. ಅವರು ಅದನ್ನು ಮೂಗಿಗೆ ಒತ್ತಿಕೊಂಡರು. ಆಮೇಲೆ ಕಾಲರ್ ಒಳಗಿನ ಲೇಬಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಥೂ, ಎಂಥ ಹೊಲಿಗೆ ಇದು!" ಎಂದರು. ಆ ಮಾತಿಗೆ ಈ ಸಲ ಒಪ್ಪಿಗೆಯ ಅರ್ಥ ಇರಲಿಲ್ಲ. ನಾನು ಬ್ಲೇಡು ತೆಗೆದು ನಾಲ್ಕೂ ಮೂಲೆ ಬಿಚ್ಚಿದೆ.

ಮೂಲೆಯ ಅಂಗಡಿಯಿಂದ ವಾಪಸ್ ಬಂದ 'ನಕಲಿ' ಕೋಟುಗಳಲ್ಲಿ ಒಂದನ್ನು ವಕೀಲನಿಗೆ ಹಾಕಿದೆ. ಹಿಂದಿನಿಂದ ಬಿಸಿ ಚೀಲ ಇಟ್ಟೆ. ಅದರ ಮೇಲೆ ಆ ಲೇಬಲ್ ಇಟ್ಟೆ. ಗುಂಡಿ ಹಾಕಿದೆ.

"ಅದೇನು?" ಎಂದ.

"ನಿಮ್ಮ ಲೇಬಲ್. ಅದೊಂದೇ ನಿಮ್ಮದು. ಕಾನೂನಿದೆಯಲ್ಲ, ತಗೊಂಡ್ಹೋಗಿ."

ಅವನು ಮೆಟ್ಟಿಲು ಹತ್ತಿದ. ಶೂ ಎರಡೂ ಕಿಟಕಿಗೆ ಬಂದವು, ನಿಂತವು. ಒಂದು ಸುತ್ತು ತಿರುಗಿದವು. ಇನ್ನೊಂದು ಸುತ್ತು. ನಾವು ಮೂವರೂ ಕೆಲಸ ಬಿಟ್ಟು ನೋಡಿದೆವು. ಯಾರೂ ಎದ್ದು ಹೋಗಿ ಗುಂಡಿ ಬಿಚ್ಚಿಕೊಡಲಿಲ್ಲ.

ಕಾಜಾ ಅಕ್ಕ ಬಿಚ್ಚಿಹಾಕಿದ್ದ ತೋಳನ್ನು ಚಿಂದಿ ಚೀಲದ ತಳದಿಂದ ಹುಡುಕಿ ತೆಗೆದಳು. ಅತ್ತೆ ತಮ್ಮ ಕೋಟು ಹಾಕಿಕೊಂಡು, ಮಿಷನ್ನಿನ ಮುಂದೆ ಕೂತು, ಬಗ್ಗಿದರು.

"ಬೆನ್ನು," ಎಂದರು.

ನಾನು ಎದ್ದೆ.